ಫ್ಲೈವೀಲ್ ಯಾಕೆ ಜಾರುತ್ತೆ?

"ಅಣ್ಣ, ಗ್ರಬ್ ಸ್ಕ್ರೂ ಎಷ್ಟು ಟೈಟ್ ಮಾಡಿದ್ರೂ ಫ್ಲೈವೀಲ್ ಜಾರುತ್ತೆ, ಏನ್ಮಾಡ್ಲಿ?"

ತುಮಕೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಸಣ್ಣ ಸ್ಟೀಮ್ ಇಂಜಿನ್ ಮಾಡುತ್ತೇನೆ. ನೋಡಲು ಬರುವ ಐಟಿಐ ಹುಡುಗರು ಕೇಳುವುದು ಇದನ್ನೇ. ಫ್ಲೈವೀಲ್ ಅಂದರೆ ಇಂಜಿನ್ ಒಂದೇ ಸಮ ತಿರುಗಲೆಂದು ಶಾಫ್ಟಿಗೆ ಹಾಕುವ ಭಾರದ ಚಕ್ರ. ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ ಗ್ರಬ್ ಸ್ಕ್ರೂ.

ಸ್ಕ್ರೂ ಇನ್ನೂ ಜಾಸ್ತಿ ಬಿಗಿ ಮಾಡಬೇಡಿ. ತಪ್ಪು ಇರುವುದು ಚಕ್ರದ ನಡುವಿನ ತೂತಿನಲ್ಲಿ. 6 ಮಿ.ಮೀ. ಶಾಫ್ಟಿಗೆ ತೂತು 6.1 ಆಗಿದ್ದರೆ, ಸ್ಕ್ರೂ ಶಾಫ್ಟನ್ನು ಒಂದು ಪಕ್ಕಕ್ಕೆ ಒತ್ತುತ್ತದೆ. ಹಿಡಿತ ಇರುವುದು ಸ್ಕ್ರೂ ತುದಿಯಲ್ಲಿ, ಅದರ ಎದುರಿನ ಒಂದು ಗೆರೆಯಲ್ಲಿ, ಅಷ್ಟೇ. ಪಿಸ್ಟನ್ ತಳ್ಳಿದಾಗಲೆಲ್ಲ ಚಕ್ರ ಕೂದಲೆಳೆಯಷ್ಟು ಅಲುಗುತ್ತದೆ. ಸ್ಕ್ರೂ ಸಡಿಲವಾಗದೆ ಇನ್ನೇನಾಗುತ್ತದೆ? ಸುಮ್ನೆ ಡ್ರಿಲ್ ಹೊಡೆದು ಬಿಡಬೇಡಿ, ತೂತನ್ನು ಸರಿಯಾದ ಅಳತೆಗೆ ತರುವ ರೀಮರ್ ಹಾಕಿ. ಸ್ಕ್ರೂ ಕೂರುವ ಜಾಗದಲ್ಲಿ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಿ. ನನ್ನ ಮೊದಲ ಇಂಜಿನ್ನಿನಲ್ಲಿ ಹಾಗೆ ಮಾಡಿರಲಿಲ್ಲ. ಸ್ಕ್ರೂ ಶಾಫ್ಟನ್ನು ಕೆರೆದು ಬರ್, ಅಂದರೆ ಲೋಹದ ಚೂಪು ಏಣು, ಎಬ್ಬಿಸಿತ್ತು. ಓಡುವಾಗ ಜಾರುತ್ತಿದ್ದ ಚಕ್ರ ಬಿಚ್ಚಲು ಹೋದರೆ ಬರಲೇ ಇಲ್ಲ. ಹೊಡೆದು ತೆಗೆಯುವಾಗ ಶಾಫ್ಟ್ ಬಾಗಿತು.

ಮತ್ತೆ ಬಿಚ್ಚದ ಕ್ರ್ಯಾಂಕ್ ಡಿಸ್ಕಿಗೆ (ಪಿಸ್ಟನ್ನಿನ ತಳ್ಳಾಟದಿಂದ ಶಾಫ್ಟನ್ನು ತಿರುಗಿಸುವ ಬಿಲ್ಲೆ) ಲಾಕ್‌ಟೈಟ್ 638 ಅಂಟು ಸಾಕು. ಅಸಿಟೋನಿನಲ್ಲಿ ಎಣ್ಣೆ ಪಸೆ ಪೂರ್ತಿ ಒರೆಸಿ, ಒಂದು ದಿನ ಮುಟ್ಟದೆ ಬಿಡಿ.

ಫ್ಲೈವೀಲಿಗೆ ನಾನು ಮಾಡುವುದು ಸೀಳಿದ ಟೇಪರ್ ಬುಷ್, ಅಂದರೆ ಶಾಫ್ಟಿಗೂ ಚಕ್ರಕ್ಕೂ ನಡುವೆ ಕೂರುವ, ಒಂದು ತುದಿಗೆ ಸಣ್ಣದಾಗುತ್ತ ಹೋಗುವ ಕೊಳವೆ. ಇದು ಹೊಳೆದದ್ದು ನಮ್ಮೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದ ಹಿರಿಯರೊಬ್ಬರಿಂದ. ಹಳೆಯ ಕೈಗಡಿಯಾರ ಬಿಚ್ಚಿ, ಕೂದಲಿನಂಥ ಸ್ಪ್ರಿಂಗಿನ ನಡುವೆ ಇರುವ ಹಿತ್ತಾಳೆ ಬಳೆ ತೋರಿಸಿದರು. ಸಾಸಿವೆಗಿಂತ ಚಿಕ್ಕದು, ಒಂದು ಕಡೆ ಸೀಳು. ಆ ಸೀಳಿನ ಬಿಗಿತದಿಂದಲೇ ಅದು ತನ್ನೊಳಗಿನ ಕಡ್ಡಿಯನ್ನು ಸುತ್ತಲೂ ಕಚ್ಚಿಕೊಂಡಿರುತ್ತದೆ. ಸ್ಕ್ರೂ ಇಲ್ಲ, ಅಂಟಿಲ್ಲ.

ನಮ್ಮ ಬುಷ್ಷಿನ ಕೆಲಸವೂ ಅದೇ. ಹೊರಮೈ ಟೇಪರ್, ಉದ್ದಕ್ಕೂ ಒಂದು ಸೀಳು, ಸಣ್ಣ ತುದಿಗೆ ಥ್ರೆಡ್ ಮತ್ತು ನಟ್. ನಟ್ ತಿರುಗಿಸಿದಂತೆ ಬುಷ್ ಚಕ್ರದ ನಡುಭಾಗವಾದ ಹಬ್ ಒಳಕ್ಕೆ ಎಳೆದುಕೊಂಡು ಶಾಫ್ಟನ್ನು ಎಲ್ಲ ಕಡೆಯಿಂದ ಅಮುಕುತ್ತದೆ. ಕಷ್ಟ ಇರುವುದು ಬುಷ್, ಹಬ್ ಎರಡರ ಟೇಪರ್ ಕೂಡಿಸುವುದರಲ್ಲಿ. ಲೇತಿನಲ್ಲಿ ಟೂಲನ್ನು ಓರೆಯಾಗಿ ಸಾಗಿಸುವ ಕಾಂಪೌಂಡ್ ಸ್ಲೈಡನ್ನು ಒಂದೇ ಸಲ 5 ಡಿಗ್ರಿಗೆ ಇಟ್ಟು ಬುಷ್ ಕಡೆಯಿರಿ. ಅದನ್ನು ಅಲುಗಿಸದೆ, ತೂತಿನ ಒಳಮೈ ಕಡೆಯುವ ಬೋರಿಂಗ್ ಟೂಲ್ ತಲೆಕೆಳಗೆ ಹಿಡಿದು, ತೂತಿನ ಆಚೆ ಬದಿಯಲ್ಲಿ ಹಬ್ ಕಡೆಯಿರಿ. ಆಗ ಎರಡೂ ಕೋನ ತಾನಾಗಿ ಒಂದೇ ಆಗುತ್ತದೆ. ಬುಷ್ ಸೀಳುವುದು ಕೊನೆಗೆ.

ಬಿಚ್ಚಬೇಕಾದಾಗ ನಟ್ ಸ್ವಲ್ಪ ಸಡಿಲಿಸಿ, ಹಿತ್ತಾಳೆ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಚಕ್ರ ಕೈಗೆ ಬರುತ್ತದೆ, ಶಾಫ್ಟ್ ಮೇಲೆ ಒಂದು ಗೀರೂ ಇರುವುದಿಲ್ಲ.