ಜಗಲಿಯಲ್ಲಿ ಕರಗಿದ ಲಂಗರು

1987ರಲ್ಲಿ ಗಂಗೊಳ್ಳಿಯ ಮೀನುಗಾರರ ಬಲೆಗೆ ಒಂದು ಹಳೇ ಲಂಗರು ಸಿಕ್ಕಿತ್ತು. ಮೈತುಂಬ ಸುಣ್ಣ, ಚಿಪ್ಪು, ಮರಳು ಅಂಟಿ ಕಲ್ಲಿನ ಹಾಗಿತ್ತು. ಅಪ್ಪ ಅದನ್ನು ಕೇಳಿ ತಂದು ಜಗಲಿಯ ಮೂಲೆಯಲ್ಲಿಟ್ಟರು. ನಾವು ಅಣ್ಣತಮ್ಮ ಸೇರಿ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಚಿಪ್ಪು ಬಿಡಿಸಿದೆವು. ಒಳಗೆ ಕಪ್ಪು ಕಬ್ಬಿಣ, ಗಟ್ಟಿಮುಟ್ಟಾಗಿತ್ತು. ಅಪ್ಪನಿಗೆ ಎಷ್ಟು ಖುಷಿ! ಕೆಂಪು ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಸಿಲ್ವರ್ ಪೇಂಟ್ ಬಳಿದರು.

ಮಳೆಗಾಲ ಬಂತು. ಲಂಗರು ಬೆವರತೊಡಗಿತು. ಪೇಂಟಿನ ಮೇಲೆ ಕಂದು ಬಣ್ಣದ ಹನಿಗಳು. ಒರೆಸಿದರೆ ಮರುದಿನ ಮತ್ತೆ. ಆಮೇಲೆ ಪೇಂಟು ಗುಳ್ಳೆ ಎದ್ದಿತು, ಕಬ್ಬಿಣ ಪದರ ಪದರವಾಗಿ ಕಳಚಿತು. ಕಾವಲಿಗೆ ಹಚ್ಚುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ನೋಡು ಅಂದರು ಅಮ್ಮ. ಅದೂ ಆಯ್ತು. ಮೂರನೇ ಮಳೆಗಾಲಕ್ಕೆ ಒಂದು ಕೊಂಡಿಯೇ ಮುರಿದು ಬಿತ್ತು.

ಸಮುದ್ರದಲ್ಲಿ ಅಷ್ಟು ಕಾಲ ಉಳಿದದ್ದು ನಮ್ಮ ಜಗಲಿಯಲ್ಲಿ ಯಾಕೆ ಹಾಳಾಯ್ತು? ಉತ್ತರ ಸಿಕ್ಕಿದ್ದು ಈಚೆಗೆ, ಅಮೆರಿಕದ ವರ್ಜೀನಿಯಾದಲ್ಲಿ. ಮಗಳ ಮನೆಗೆ ಹೋದಾಗ ನ್ಯೂಪೋರ್ಟ್ ನ್ಯೂಸ್‌ನ ಮ್ಯಾರಿನರ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅಲ್ಲಿ 'ಮಾನಿಟರ್' ಎಂಬ ಕಬ್ಬಿಣದ ಯುದ್ಧನೌಕೆಯ ಭಾಗಗಳಿವೆ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮಾರ್ಚ್ 9ರಂದು ಕಾದಾಡಿದ ನೌಕೆ ಅದು. ಅದೇ ವರ್ಷ ಡಿಸೆಂಬರ್ 31ರಂದು ಕೇಪ್ ಹ್ಯಾಟೆರಸ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 16 ಜನ ಸತ್ತರು. ಫಿರಂಗಿಗಳನ್ನು ಇಟ್ಟಿದ್ದ ಅದರ ದುಂಡನೆಯ ಗೋಪುರವನ್ನು 2002ರಲ್ಲಿ ಮೇಲಕ್ಕೆತ್ತಿದರು. ಒಂದೊಂದು ಅಂಗುಲ ದಪ್ಪದ ಎಂಟು ತಗಡಿನ ಗೋಡೆ, ಸುಮಾರು 120 ಟನ್ ತೂಕ.

ಎತ್ತಿದವರು ನಮ್ಮ ಹಾಗೆ ಒರೆಸಿ ಪೇಂಟ್ ಹಚ್ಚಲಿಲ್ಲ. ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಇಪ್ಪತ್ತು ವರ್ಷ ದಾಟಿದೆ, ಕೆಲಸ ಇನ್ನೂ ಮುಗಿದಿಲ್ಲ. ಗಾಜಿನಾಚೆ ನನಗೆ ಕಂಡಿದ್ದು ತೊಟ್ಟಿ ಮತ್ತು ಮಬ್ಬು ನೀರು, ಅಷ್ಟೇ. ಹೆಂಡತಿಗೆ ಐದು ನಿಮಿಷಕ್ಕೆ ಬೇಜಾರಾಯಿತು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ.

ವಿಷಯ ಇಷ್ಟು. ಮರಳು, ಚಿಪ್ಪಿನ ಹೊದಿಕೆಯ ಒಳಗೆ ಕಬ್ಬಿಣಕ್ಕೆ ಆಮ್ಲಜನಕ ಹೆಚ್ಚು ಸಿಗುವುದಿಲ್ಲ, ಹಾಗಾಗಿ ತುಕ್ಕು ನಿಧಾನ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಎಂಬ ಅಂಶ ಕಬ್ಬಿಣದ ಒಳಗೆ ಹೊಕ್ಕು ಕುಳಿತಿರುತ್ತದೆ. ಹೊರಗೆ ತೆಗೆದ ಕೂಡಲೇ ಗಾಳಿ, ತೇವ ಎರಡೂ ಸಿಗುತ್ತವೆ. ಕ್ಲೋರೈಡ್ ತುಕ್ಕು ಹಿಡಿಸುತ್ತದೆ, ತಾನು ಖರ್ಚಾಗುವುದಿಲ್ಲ. ಬಿಡುಗಡೆಯಾಗಿ ಮತ್ತೆ ಒಳಗಿನ ಕಬ್ಬಿಣವನ್ನೇ ಹಿಡಿಯುತ್ತದೆ. ನಮ್ಮ ಲಂಗರಿನ ಬೆವರು ಅದೇ. ಪೇಂಟ್ ಹಚ್ಚಿ ನಾವು ಕಳ್ಳನನ್ನು ಮನೆಯೊಳಗೆ ಬಿಟ್ಟು ಹೊರಗಿಂದ ಬೀಗ ಹಾಕಿದ್ದೆವು.

ಹಾಗಾಗಿ ಮೊದಲು ಉಪ್ಪು ತೆಗೆಯಬೇಕು. ಕಾಸ್ಟಿಕ್ ಸೋಡಾ ಬೆರೆಸಿದ ನೀರಲ್ಲಿ ಕಬ್ಬಿಣ ಹೊಸದಾಗಿ ತುಕ್ಕು ಹಿಡಿಯುವುದಿಲ್ಲ, ಕ್ಲೋರೈಡ್ ಮಾತ್ರ ನಿಧಾನಕ್ಕೆ ಹೊರಗೆ ಬರುತ್ತದೆ. ವಸ್ತುವಿಗೆ ಮೈನಸ್ ತಂತಿ ಸಿಕ್ಕಿಸಿ ಸಣ್ಣ ಕರೆಂಟ್ ಹಾಯಿಸಿದರೆ ಇನ್ನೂ ಬೇಗ. ಏಳುವ ಗುಳ್ಳೆಗಳು ಮೇಲಿನ ಚಿಪ್ಪನ್ನೂ ಸಡಿಲ ಮಾಡುತ್ತವೆ. ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಅಳೆಯುವುದು, ನೀರು ಬದಲಿಸುವುದು, ಮತ್ತೆ ಅಳೆಯುವುದು. ಉಪ್ಪು ಬರುವುದು ನಿಲ್ಲುವವರೆಗೂ ಇದೇ. ಆಮೇಲೆ ತೊಳೆದು ಒಣಗಿಸಿ, ಟ್ಯಾನಿಕ್ ಆಮ್ಲ ಹಚ್ಚಿ, ಮೇಣ ಸವರುವುದು ಸಾಮಾನ್ಯ ಪದ್ಧತಿ. ಟ್ಯಾನಿಕ್ ಆಮ್ಲ ತಾಗಿದರೆ ಕಬ್ಬಿಣ ಕಪ್ಪಾಗುತ್ತದೆ. ಹಿಂದಿನವರು ಒಗರಾದ ಅಳಲೆಕಾಯಿ ರಸಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ವಾ, ಆ ಕಪ್ಪೇ.

ರಾತ್ರಿ ಊರಿಗೆ ಫೋನ್ ಮಾಡಿದೆ. ಲಂಗರು ಕೊನೆಗೆ ಏನಾಯ್ತು, ಗುಜರಿಗೆ ಕೊಟ್ಟೆಯಾ ಅಂತ ತಮ್ಮನನ್ನು ಕೇಳಿದೆ.

"ಪುಡಿಗೆಲ್ಲ ಯಾರು ದುಡ್ಡು ಕೊಡ್ತಾರೆ ಅಣ್ಣ? ಗುಡಿಸಿ ತೆಂಗಿನ ಬುಡಕ್ಕೆ ಹಾಕಿದೆ. ಉಪ್ಪು ಹೇಗೂ ತೆಂಗಿಗೆ ಒಳ್ಳೇದಲ್ವಾ."