ಕೃಷ್ಣೆಯ ಆಚೆಗಿನ ಹಸಿರು ಮರಳುಗಲ್ಲು

ಭೂವಿಜ್ಞಾನದ ಮೇಷ್ಟ್ರಾಗಿರೋ ಗೆಳೆಯನ ಜೊತೆ ಪ್ರವಾಸ ಹೋಗೋದು ಸುಲಭವಲ್ಲ. ರಾಯಚೂರು ಬಿಟ್ಟ ಮೇಲೆ ಬಂಡೆ ಕಂಡಲ್ಲೆಲ್ಲ ಗೆಳೆಯ ಗಾಡಿ ನಿಲ್ಲಿಸಿದ. ದೇವದುರ್ಗದಲ್ಲಿ ಒಗ್ಗರಣೆ, ಮಿರ್ಚಿ ತಿಂದೆವು. ಊರಾಚೆ ಒಡೆದ ಗ್ರಾನೈಟ್ ಸಿಕ್ಕಿತು. ಅದರ ತುಂಬ ನಸುಗೆಂಪು ಹರಳು. "ಇದು ಪೊಟ್ಯಾಶ್ ಇರೋ ಖನಿಜ, ಫೆಲ್ಡ್‌ಸ್ಪಾರ್. ಮುಂದೆ ಬೇಕಾಗ್ತದ" ಅಂದ.

ಹೂವಿನಹೆಡಗಿ ಸೇತುವೆ ಮೇಲೆ ಕೃಷ್ಣೆ ದಾಟಿದೆವು. ನಾರಾಯಣಪುರ ಜಲಾಶಯದಿಂದ ನೀರು ಜಾಸ್ತಿ ಬಿಟ್ಟರೆ ಮುಳುಗುವ ಸೇತುವೆ ಇದು. ಬೇಸಿಗೆಯಾದ್ದರಿಂದ ಹೊಳೆ ಸೊರಗಿತ್ತು.

ಶಹಾಪುರದಾಚೆ ನೆಲ ಬದಲಾಗುತ್ತದೆ. ಗ್ರಾನೈಟ್ ಮೇಲೆ ಪದರ ಪದರ ಕಲ್ಲು. ಬುಡದಲ್ಲಿ ಮರಳುಗಲ್ಲು, ಮೇಲೆ ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು. ಇಲ್ಲೊಂದು ಸಮುದ್ರವಿತ್ತು, 54 ಕೋಟಿ ವರ್ಷಕ್ಕೂ ಹಿಂದೆ.

ಮರಳುಗಲ್ಲಿಗೆ ಭೂತಗನ್ನಡಿ ಹಿಡಿದರೆ ಹಸಿರು ಕಾಳುಗಳು. ತಾಮ್ರ ಅಲ್ವಾ ಅಂದೆ. ಅಲ್ಲವಂತೆ, ಗ್ಲಾಕೊನೈಟ್. ಕಬ್ಬಿಣ, ಪೊಟ್ಯಾಶಿಯಂ ಸೇರಿದ ಜೇಡಿ ಖನಿಜ. ಹೊಸ ಮರಳು, ಕೆಸರು ಹೆಚ್ಚು ಬಂದು ಬೀಳದ ಸಮುದ್ರತಳದಲ್ಲಿ, ಆಮ್ಲಜನಕ ಕಡಿಮೆ ಇರುವ ಕಡೆ ಇದು ನಿಧಾನಕ್ಕೆ ಬೆಳೆಯುತ್ತದೆ. ಚೆನ್ನಾಗಿ ಬಲಿಯಲು ಲಕ್ಷಗಟ್ಟಲೆ ವರ್ಷ ಬೇಕು. ಒಂದೇ ಖನಿಜದೊಳಗೆ ಕಬ್ಬಿಣ ಎರಡು ರೂಪದಲ್ಲಿ ಇರೋದರಿಂದ ಈ ಬಣ್ಣ. ಗಾಳಿ, ಮಳೆಗೆ ಬಿದ್ದರೆ ತುಕ್ಕಿನ ಕಂದು. ಅದಕ್ಕೇ ಹೊರಮೈ ನೋಡಿ ಏನೂ ಗೊತ್ತಾಗೋದಿಲ್ಲ, ಒಡೆದೇ ನೋಡಬೇಕು.

ಇಂದಿನ ಸಮುದ್ರಗಳಲ್ಲಿ ಗ್ಲಾಕೊನೈಟ್ ಬೆಳೆಯೋದು ಹೆಚ್ಚಾಗಿ ಪುಟ್ಟ ಜೀವಿಗಳ ಹಿಕ್ಕೆಯಲ್ಲಿ, ಖಾಲಿ ಚಿಪ್ಪುಗಳೊಳಗೆ. ಅಷ್ಟು ಹಳೆಯ ಕಾಲದಲ್ಲಿ ಚಿಪ್ಪು ಎಲ್ಲಿಂದ ಬರಬೇಕು? ಆಗಿನ ಕಲ್ಲುಗಳಲ್ಲಿ ಎಷ್ಟೋ ಕಡೆ ಆ ಜಾಗದಲ್ಲಿ ಸಿಗೋದು ಫೆಲ್ಡ್‌ಸ್ಪಾರ್ ಕಾಳು. ಗ್ರಾನೈಟ್ ಸವೆದು ಮರಳಾಗಿ ಕಡಲಿಗೆ ಇಳಿದ ಕಾಳು ಅಂಚಿನಿಂದ, ಬಿರುಕಿನಿಂದ ಕರಗುತ್ತ ಹೋಗಿ, ಆ ಜಾಗದಲ್ಲೇ ಹಸಿರು ಖನಿಜ ಕೂಡುತ್ತದೆ. ಪೊಟ್ಯಾಶಿಯಂ ಕಾಳಿನಲ್ಲೇ ಇರುತ್ತದೆ, ಕಬ್ಬಿಣ ಮಾತ್ರ ಹೊರಗಿನಿಂದ ಬರಬೇಕು. ದೇವದುರ್ಗದಲ್ಲಿ ಅವನು ಆ ಕೆಂಪು ಹರಳು ತೋರಿಸಿದ್ದು ಸುಮ್ನೆ ಅಲ್ಲ.

ನಮ್ಮ ಸುತ್ತಿಗೆ ಸದ್ದಿಗೆ ಕುರಿ ಕಾಯುವ ಹಿರಿಯರೊಬ್ಬರು ಬಂದರು. ಪೊಟ್ಯಾಶ್ ಅಂದಿದ್ದು ಕಿವಿಗೆ ಬಿದ್ದಿತ್ತು. "ಗೊಬ್ಬರ ಆಗತೈತೇನ್ರಿ?" ನಮ್ಮ ಭತ್ತಕ್ಕೆ ಹಾಕುವ ಪೊಟ್ಯಾಶ್ ಹೊರದೇಶದಿಂದ ಬರುವಾಗ ಈ ಪ್ರಶ್ನೆ ತಪ್ಪಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹಿಂದೆ ಇಂಥ ಹಸಿರು ಮರಳನ್ನು ಹೊಲಕ್ಕೆ ಹಾಕುತ್ತಿದ್ದರು ಅಂತ ಗೆಳೆಯ ಹೇಳಿದ. ಆದರೆ ಪೊಟ್ಯಾಶಿಯಂ ಖನಿಜದ ಪದರಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಬಿಡೋದು ಬಹಳ ನಿಧಾನ ಅಂತಲೂ ಸೇರಿಸಿದ.

"ಹಂಗಾದ್ರ ಬ್ಯಾಡ ಬಿಡ್ರಿ, ಕುರಿ ಗೊಬ್ಬರನ ಚಲೋ" ಅಂದು ಅವರು ಹೊರಟರು.