ಬಾವಿ ಹಾರುವ ಹಬ್ಬ

ಜೂನ್ 24, 2023, ಶನಿವಾರ
ಬ್ರಿಟೋನಾ, ಮಾಂಡವಿ ನದಿ, ಗೋವಾ

ಬೆಳಿಗ್ಗೆ ಎದ್ದವನೇ ದೋಣಿಯ ತಳದ ನೀರು ನೋಡಿದೆ. ಎರಡು ಬೆರಳು. ಪಂಪ್ ಹಾಕಿ ಖಾಲಿ ಮಾಡಿ, ಹಗ್ಗ ಉಜ್ಜುವ ಕಡೆಗೆ ಹಳೆಯ ರಬ್ಬರ್ ಪೈಪಿನ ತುಂಡು ಸುತ್ತಿ, ಚಹಾ ಮಾಡಿಕೊಂಡೆ. ಹಾಯಿದೋಣಿಯಲ್ಲೇ ಸಂಸಾರ ಹೂಡಿದವನ ಮಳೆಗಾಲ ಇಷ್ಟೇ. ಅಗ್ವಾದದ ಅಳಿವೆಯಲ್ಲಿ ಮರಳುದಿಬ್ಬದ ಮೇಲೆ ಅಲೆ ಒಡೆಯತೊಡಗಿದರೆ ಮಾಂಡವಿಯಿಂದ ಹೊರಗೆ ದಾರಿಯಿಲ್ಲ. ಅದಿರಿನ ಬಾರ್ಜುಗಳು ಕೂಡ ಕುಂಭಾರ್ಜುವೆ ಕಾಲುವೆಯಲ್ಲಿ ಬಳಸಿಕೊಂಡು ಜುವಾರಿ ನದಿಗೆ ಇಳಿಯಬೇಕು. ಹಾಯಿ ಕಳಚಿಟ್ಟ ನನ್ನ ಇಪ್ಪತ್ತೆಂಟು ಅಡಿಯ ದೋಣಿ, ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯ ಹಾಗೆ, ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ ಮಗ್ಗುಲು ಬದಲಿಸುತ್ತ ನಿಂತಿದೆ.

ಹಾಗಾಗಿ ಜೆಟ್ಟಿಯ ಕಾವಲುಗಾರ, "ಶಿವೋಲಿಗೆ ಸಾಂಜಾಂವ್ ಹಬ್ಬ ನೋಡಲು ಹೊರಟಿದ್ದೇವೆ, ಬರುತ್ತೀರಾ ಸಾಹೇಬರೇ?" ಎಂದಾಗ ಮಾತು ಮುಗಿಯುವ ಮೊದಲೇ ಚಪ್ಪಲಿ ಹುಡುಕುತ್ತಿದ್ದೆ. ಅವನೂ ಅವನ ಹೆಂಡತಿಯೂ ರೋಣದ ಕಡೆಯವರು. ಹದಿಮೂರರ ಮಗ ಇಲ್ಲೇ ಹುಟ್ಟಿದವನು. ಅಮ್ಮನ ಹತ್ತಿರ ಕನ್ನಡ, ಬೀದಿಯಲ್ಲಿ ಕೊಂಕಣಿ, ಸಿಟ್ಟು ಬಂದರೆ ಎರಡೂ ಕಡೆ ಕೊಂಕಣಿ. ಶಿವೋಲಿಯ ಸಹಪಾಠಿಯೊಬ್ಬನ ಮನೆಯ ಬಾವಿಗೆ ಅವನು ಈ ಸಲ ಹಾರುವುದೆಂದು ನಿಶ್ಚಯವಾಗಿತ್ತು. ಅಪ್ಪ ಒಪ್ಪಿದ್ದ. ಅಮ್ಮ ಒಪ್ಪಿರಲಿಲ್ಲ, ಕಾವಲಿಗೆಂದು ಹೊರಟಿದ್ದಳು.

ಮಾಪುಸಾದ ಬಸ್ಸಿನಲ್ಲಿ ಆಕೆ ನನಗೆ ಹೇಳಿದ್ದು: "ನಮ್ಮೂರಿನಲ್ಲಿ ಬಾವಿ ಹಾರಿದರು ಎಂದರೆ ಪೊಲೀಸರು ಬರುತ್ತಾರೆ ಅಣ್ಣಾ. ಇಲ್ಲಿ ಬ್ಯಾಂಡಿನವರು ಬರುತ್ತಾರೆ."

ಬೇತಿಯ ಹತ್ತಿರ ಮಲೀಮ್ ಜೆಟ್ಟಿಯಲ್ಲಿ ಟ್ರಾಲರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ.

ಸಾಂಜಾಂವ್ ಎಂದರೆ ಸಂತ ಯೋಹಾನನ ಹಬ್ಬ. ಅದಕ್ಕೆ ಬಾವಿಯೇಕೆ ಎಂದು ಅವಳು ಕೇಳಿದಾಗ ನನಗೆ ಗೊತ್ತಿದ್ದಷ್ಟು ಹೇಳಿದೆ. ಗರ್ಭಿಣಿ ಮರಿಯಾ ತನ್ನ ಬಂಧು ಎಲಿಜಬೆತಳನ್ನು ಕಾಣಲು ಹೋದಾಗ, ಎಲಿಜಬೆತಳ ಹೊಟ್ಟೆಯಲ್ಲಿದ್ದ ಯೋಹಾನ ಸಂತೋಷದಿಂದ ನೆಗೆದನೆಂದು ಲೂಕನ ಸುವಾರ್ತೆಯಲ್ಲಿದೆ. ಆ ನೆಗೆತವೇ ಈ ನೆಗೆತ. ಬಾವಿಯೇ ತಾಯಿಯ ಹೊಟ್ಟೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಆ ಮಗುವಿಗೆ ಹೊಕ್ಕುಳಬಳ್ಳಿ ಇತ್ತು. ಇವನಿಗೆ ಏನಿದೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಹೊಳೆಯ ದಂಡೆಗೆ ಹೋದೆವು. ಶಿವೋಲಿಯ ಹಬ್ಬವೆಂದರೆ ಸಾಂಗೊಡ್. ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ತೆಂಗಿನಗರಿ, ಬಣ್ಣದ ಕಾಗದ ಕಟ್ಟಿ, ಜನ ಹಾಡುತ್ತ ಪ್ರಾರ್ಥನಾಮಂದಿರದ ಎದುರಿಗೆ ಬರುತ್ತಾರೆ. ಛಾಪೋರಾ, ಅಂಜುಣ, ಅಸ್ಸಗಾಂವ್ ಕಡೆಯಿಂದಲೂ ದೋಣಿಗಳು ಬರುತ್ತವೆ. ನಮ್ಮ ಕರಾವಳಿಯಲ್ಲಿ ಇಂಥ ಜೋಡುದೋಣಿಗೆ ಜಂಗಲ್ ಎನ್ನುತ್ತಾರೆ. ಸಾಂಗೊಡ್, ಜಂಗಲ್, ನಮ್ಮ 'ಸಂಗಡ': ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ ನನ್ನ ಕಿವಿಗೆ ಕೇಳಿಸಿತು. ಕಣ್ಣು ಮಾತ್ರ ಹಾಳು ಅಭ್ಯಾಸದ್ದು. ಎಲ್ಲರೂ ಅಲಂಕಾರ ನೋಡುತ್ತಿದ್ದರೆ ನಾನು ಗಂಟುಗಳನ್ನು ನೋಡುತ್ತಿದ್ದೆ. ಮೂರನೆಯ ಸಾಂಗೊಡಿನಲ್ಲಿ ಎಡದೋಣಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿರಲಿಲ್ಲ, ಅದರ ಮೇಲೆ ಹತ್ತಾರು ಜನ ಕುಣಿಯುತ್ತಿದ್ದರು. ಪುಣ್ಯಕ್ಕೆ ಇಂದು ಷಷ್ಠಿ. ಅಷ್ಟಮಿ ಹತ್ತಿರ ಬಂದಂತೆ ನೀರಿನ ಸೆಳೆತವೂ ಸೌಮ್ಯ. ಘುಮಟೆಯ ಸದ್ದು ಎದೆಯೊಳಗೇ ಬಡಿಯುತ್ತಿತ್ತು. ಮಣ್ಣಿನ ಮಡಕೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಈಗ ಮೇಕೆಯದು. ಹಳಬರು ನಾದ ಹೋಯಿತೆಂದು ಕೊರಗುತ್ತಾರೆ, ನನಗೇನೂ ಕೊರತೆ ಕಾಣಲಿಲ್ಲ.

ಮಧ್ಯಾಹ್ನ ಆ ಮನೆಯ ಹಿತ್ತಿಲಿಗೆ ಬಂದೆವು. ಹೊಸ ಅಳಿಯನೊಬ್ಬನನ್ನು ಮೆರವಣಿಗೆಯಲ್ಲಿ ಕರೆತಂದಿದ್ದರು; ಅಳಿಯಂದಿರಿಗೆ ಈ ಹಬ್ಬದಲ್ಲಿ ವಿಶೇಷ ಮರ್ಯಾದೆ. ಮನೆಯ ಯಜಮಾನಿ ಬಾವಿಗೆ ಅನಾನಸ್, ಮಾವಿನಹಣ್ಣು, ಒಂದು ಫೆನಿ ಬಾಟಲಿ ಎಸೆದರು. ಹಾರಿದವರು ಎತ್ತಿಕೊಳ್ಳಬೇಕು. ಬಿಪರ್‌ಜಾಯ್ ಚಂಡಮಾರುತ ಮಳೆಯನ್ನು ತಡಮಾಡಿದ್ದರಿಂದ ಬಾವಿಯ ನೀರು ಇನ್ನೂ ಬಹಳ ಕೆಳಗಿತ್ತು. ಕಟ್ಟೆಯಿಂದ ನೋಡಿದರೆ ತಲೆ ತಿರುಗುವಷ್ಟು.

ಹುಡುಗ ತಲೆಯ ಮೇಲೆ ಕೊಪೆಲ್ ಇಟ್ಟುಕೊಂಡು ಕಟ್ಟೆ ಹತ್ತಿದ. ಬಳ್ಳಿ, ಎಲೆ, ಹೂವು ಸುತ್ತಿದ ಕಿರೀಟ. "ಕಾಕಾ, ನೀವೂ ಬನ್ನಿ! ನೀವು ಸಮುದ್ರದವರಲ್ಲವೇ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ.

ಮೂವತ್ತೊಂದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ, ಆರು ವರ್ಷ ಈ ದೋಣಿಯಲ್ಲಿ. ಇಷ್ಟರಲ್ಲಿ ನಾನಾಗಿ ನೀರಿಗೆ ಹಾರಿದ್ದು ಒಂದು ಸಲವೂ ಇಲ್ಲ. ಹಡಗಿಗೆ ಸೇರಿದ ದಿನವೇ ಕಲಿಸಿದ್ದು, ಒಂದು ಕೈ ಕೆಲಸಕ್ಕೆ, ಒಂದು ಕೈ ನಿನ್ನ ಜೀವಕ್ಕೆ. ನೀರಿಗೆ ಬೀಳದಿರುವುದೇ ನನ್ನ ಕಸುಬು. ಆಗ ಗಮನಿಸಿದೆ: ನನ್ನ ಒಂದು ಕೈ ಪಕ್ಕದ ತೆಂಗಿನಮರವನ್ನು ಹಿಡಿದಿತ್ತು. ಅದೇ ಮರದ ಇನ್ನೊಂದು ಮಗ್ಗುಲನ್ನು ಹುಡುಗನ ತಾಯಿ ಹಿಡಿದಿದ್ದಳು.

"ನಿಮಗೂ ಹೆದರಿಕೆಯೇ ಅಣ್ಣಾ?"

"ಬಹಳ," ಎಂದೆ.

ಆಕೆ ನಕ್ಕುಬಿಟ್ಟಳು. ಅಷ್ಟರಲ್ಲಿ "ವಿವಾ ಸಾಂಜಾಂವ್!" ಎಂಬ ಕೂಗು, ಕೆಳಗೆ ದೊಡ್ಡ ಸದ್ದು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ, ಹಡಗಿನ ಅಭ್ಯಾಸ. ಒಂಬತ್ತಕ್ಕೆ ತಲೆ ಕಂಡಿತು. ಒಂದು ಕಂಕುಳಲ್ಲಿ ಅನಾನಸ್, ಇನ್ನೊಂದು ಕೈಯಲ್ಲಿ ಫೆನಿ. ಮರ ಬಿಟ್ಟು ಕಟ್ಟೆಗೆ ಬಗ್ಗಿದ ತಾಯಿ ಅಪ್ಪಟ ರೋಣದ ಬೈಗುಳದಲ್ಲಿ ಬಾಟಲಿಯನ್ನು ಕೆಳಗಿಡಿಸಿದಳು. ಅನಾನಸ್ಸಿಗೆ ತಕರಾರಿರಲಿಲ್ಲ.

ಸಂಜೆ ಮಳೆಯಲ್ಲಿ ನೆನೆದು ವಾಪಸಾದೆವು. ಹುಡುಗ ತನ್ನ ಕೊಪೆಲನ್ನು ನನಗೇ ಕೊಟ್ಟ. ಹಸಿ ಎಲೆ, ಹೂವುಗಳನ್ನು ದೋಣಿಗೆ ತರಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಆದರೂ ಹಾಯಿಕಂಬಕ್ಕೆ ನೇತುಹಾಕಿದೆ. ಈಗ ರಾತ್ರಿ ಹತ್ತು ಗಂಟೆ. ಕೆಂಪಿರುವೆಗಳ ಒಂದು ಸಾಲು ಕಂಬದಿಂದ ಇಳಿದು ಸಕ್ಕರೆ ಡಬ್ಬಿಯ ದಾರಿ ಹಿಡಿದಿದೆ.